ಓದಿದ ಸಿದ್ಧಾಂತ, ಎದುರಿಗೆ ಕುಳಿತ ಮನುಷ್ಯ: ಆಪ್ತ ಸಮಾಲೋಚನೆಯ ಕಲಿಕೆ ನಡೆಯುವ ಬಗೆ

ಕರ್ನಾಟಕದಲ್ಲಿ ‘ಕೌನ್ಸೆಲಿಂಗ್’ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಸಿಇಟಿ ಸೀಟು ಹಂಚಿಕೆ, ಇಲ್ಲವೇ ಸರ್ಕಾರಿ ಶಾಲೆಯ ಶಿಕ್ಷಕರ ವರ್ಗಾವಣೆ. ಖಾಲಿ ಇರುವ ಜಾಗಗಳನ್ನು ತೋರಿಸಿ, ಸರದಿಯಂತೆ ಒಬ್ಬೊಬ್ಬರನ್ನೇ ಯಾವುದು ಬೇಕೆಂದು ಕೇಳುವ ಕ್ರಮಕ್ಕೆ ಆ ಹೆಸರು ಅಂಟಿಕೊಂಡಿದೆ. ಮನಸ್ಸಿನ ಭಾರ ಹೊತ್ತು ಬಂದವರೊಡನೆ ಕುಳಿತು ಮಾಡುವ ಕೆಲಸವನ್ನು ‘ಆಪ್ತ ಸಮಾಲೋಚನೆ’ ಎಂದು ಬೇರೆಯಾಗಿ ಕರೆಯುವುದರಿಂದ ಗೊಂದಲ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಇವೆರಡರ ನಡುವೆ ನಂಟೇ ಇಲ್ಲವೆನ್ನುವಂತಿಲ್ಲ. ಈ ವೃತ್ತಿಯ ಒಂದು ಮೂಲ ಇರುವುದು, 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಅವರು ಯುವಕರು ತಮಗೆ ತಕ್ಕ ಉದ್ಯೋಗವನ್ನು ಆರಿಸಿಕೊಳ್ಳಲು ನೆರವಾಗುವುದಕ್ಕೆಂದು ತೆರೆದ ಕಚೇರಿಯಲ್ಲಿ. ತನ್ನನ್ನು ತಾನು ಅರಿಯುವುದು, ಕೆಲಸಗಳ ಸ್ವರೂಪವನ್ನು ಅರಿಯುವುದು, ಎರಡನ್ನೂ ಕೂಡಿಸಿ ವಿವೇಚಿಸುವುದು ಎಂಬ ಅವರ ಮೂರು ಮೆಟ್ಟಿಲುಗಳನ್ನು ಇಂದಿಗೂ ಮೊದಲ ಸೆಮಿಸ್ಟರಿನಲ್ಲಿ ಓದಿಸುತ್ತಾರೆ.

ನಾನು ಈ ವಿಷಯವನ್ನು ಓದಿ, ಕೆಲವು ವರ್ಷ ಸಮಾಲೋಚಕಿಯಾಗಿ ದುಡಿದು, ಈಗ ಸ್ನಾತಕೋತ್ತರ ತರಗತಿಯಲ್ಲಿ ಕಲಿಸುತ್ತಿರುವವಳು. ಪ್ರವೇಶದ ದಿನ ತಂದೆತಾಯಿಯರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: ‘ಮಾತಾಡೋದನ್ನ ಕಲಿಯೋಕೆ ಎರಡು ವರ್ಷ ಬೇಕಾ ಮೇಡಂ?’ ಅದು ನ್ಯಾಯವಾದ ಪ್ರಶ್ನೆ. ಕಷ್ಟ ಹೇಳಿಕೊಂಡು ಬಂದವರಿಗೆ ನಾಲ್ಕು ಮಾತು ಹೇಳಿ ಕಳಿಸುವ ಹಿರಿಯರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ, ಅವರಲ್ಲಿ ಹಲವರು ನಿಜಕ್ಕೂ ವಿವೇಕಿಗಳು. ಹಾಗಿರುವಾಗ ವಿಶ್ವವಿದ್ಯಾಲಯ ಹೊಸದಾಗಿ ಏನನ್ನು ಕಲಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿದೆ.

ಹಿರಿಯರು ಹೇಳುವುದು ಬುದ್ಧಿವಾದ. ಅದು ಹೇಳುವವರ ಅನುಭವದಿಂದ ಹೊರಟು ಕೇಳುವವರತ್ತ ಸಾಗುತ್ತದೆ. ಸಮಾಲೋಚನೆಯ ದಾರಿ ಇದಕ್ಕೆ ತಿರುಗುಮುರುಗು. ಬಂದವರ ಅನುಭವವನ್ನು ಅವರ ಕಣ್ಣಿನಿಂದಲೇ ನೋಡಲು ಪ್ರಯತ್ನಿಸಿ, ಅದು ಅವರಿಗೇ ಇನ್ನಷ್ಟು ಸ್ಪಷ್ಟವಾಗುವಂತೆ ಮಾಡಿ, ಅವರೇ ಒಂದು ತೀರ್ಮಾನಕ್ಕೆ ಬರುವವರೆಗೆ ಜೊತೆಗಿರುವುದು ಇದರ ಕ್ರಮ. ಬುದ್ಧಿವಾದ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಬಳಿಗೆ ಬರುವ ಹೆಚ್ಚಿನವರು ಅದನ್ನು ಸಾಕಷ್ಟು ಕೇಳಿ, ಅದರಿಂದ ಪರಿಹಾರ ಕಾಣದೆ ಬಂದಿರುತ್ತಾರೆ. ಹುಟ್ಟಿನಿಂದ ಬುದ್ಧಿವಾದದ ಮನೆಯಲ್ಲೇ ಬೆಳೆದ ವಿದ್ಯಾರ್ಥಿಗೆ ತನ್ನ ನಾಲಿಗೆಯ ತುದಿಗೆ ಬಂದ ಸಲಹೆಯನ್ನು ತಡೆಹಿಡಿಯುವ ಅಭ್ಯಾಸ ಕೂಡಿಬರಲು ಒಂದು ಸೆಮಿಸ್ಟರ್ ಪೂರ್ತಿ ಹಿಡಿಯುವುದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ.

ಸಿದ್ಧಾಂತಗಳು ಏತಕ್ಕೆ ಬೇಕೆಂಬುದನ್ನು ಒಂದು ಉದಾಹರಣೆಯ ಮೂಲಕ ಹೇಳುವುದು ಸುಲಭ. ತರಗತಿಗೆಂದೇ ನಾವು ಕಟ್ಟಿಕೊಂಡ ಪ್ರಸಂಗವಿದು. ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಬೆಂಗಳೂರಿಗೆ ಬಂದ ಹುಡುಗನೊಬ್ಬ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ನಾಲ್ಕು ವಿಷಯಗಳಲ್ಲಿ ಫೇಲಾಗಿ ಬ್ಯಾಕ್‌ಲಾಗ್ ಉಳಿದಿದೆ, ಮನೆಗೆ ತಿಳಿಸಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಹಾಸ್ಟೆಲಿನ ಕೋಣೆಯಿಂದ ಹೊರಗೆ ಬರುವುದಿಲ್ಲ, ದಸರೆಯ ರಜೆಯಲ್ಲೂ ಊರಿಗೆ ಹೋಗಲಿಲ್ಲ. ಗೆಳೆಯನೊಬ್ಬ ಒತ್ತಾಯ ಮಾಡಿ ಕಾಲೇಜಿನ ಸಮಾಲೋಚಕಿಯ ಬಳಿಗೆ ಕರೆತಂದಿದ್ದಾನೆ.

ಸಿಗ್ಮಂಡ್ ಫ್ರಾಯ್ಡ್ ಅವರಿಂದ ಆರಂಭವಾದ ಮನೋವಿಶ್ಲೇಷಣೆಯ ಪರಂಪರೆಯಲ್ಲಿ ಪಳಗಿದವರು ಈ ಹುಡುಗನ ಮಾತಿನಲ್ಲಿ ತಂದೆಯೊಡನೆ ಅವನಿಗಿರುವ ಹಳೆಯ ಸಂಬಂಧದ ಜಾಡನ್ನು ಹುಡುಕುತ್ತಾರೆ. ಅವನು ಸಮಾಲೋಚಕಿಯನ್ನೇ ಅಪ್ಪನ ಜಾಗದಲ್ಲಿ ಕೂರಿಸಿ, ಆಕೆಯೂ ಬೈಯುತ್ತಾಳೆಂದು ಅಂಜುತ್ತಿರಬಹುದೇ ಎಂದು ಗಮನಿಸುತ್ತಾರೆ. ಇದನ್ನೇ ಭಾವ ವರ್ಗಾವಣೆ ಎನ್ನುವುದು. ಕಾರ್ಲ್ ರೋಜರ್ಸ್ ಅವರ ವ್ಯಕ್ತಿಕೇಂದ್ರಿತ ಪದ್ಧತಿಯನ್ನು ಅನುಸರಿಸುವವರಿಗೆ ಕೇಳಿಸುವುದು ಬೇರೆ. ಪಾಸಾದರೆ ಮಾತ್ರ ತಾನು ಒಳ್ಳೆಯ ಮಗ ಎಂಬ ಷರತ್ತನ್ನು ಈ ಹುಡುಗ ತನ್ನೊಳಗೆ ಯಾವಾಗಲೋ ಬರೆದುಕೊಂಡಿದ್ದಾನೆ, ಆ ಷರತ್ತಿಲ್ಲದ ಗೌರವ ಸಿಗುವ ಒಂದು ಜಾಗವಾದರೂ ಅವನಿಗೆ ಬೇಕಾಗಿದೆ. ಆರನ್ ಬೆಕ್ ಅವರು 1960ರ ದಶಕದಲ್ಲಿ ರೂಪಿಸಿದ ಅರಿವಿನ ಚಿಕಿತ್ಸೆಯ ಕಿವಿಗೆ ಬೀಳುವುದು ಇನ್ನೊಂದು. ‘ನಾನು ಯಾವುದಕ್ಕೂ ಬಾರದವನು, ಮನೆ ನನ್ನಿಂದ ಮುಳುಗಿತು’ ಎಂದು ತಾನಾಗಿ ಎದ್ದುಬರುವ ಯೋಚನೆಗಳು, ಆ ಯೋಚನೆಗಳಿಂದ ಹುಟ್ಟುವ ಹೆದರಿಕೆ, ಹೆದರಿಕೆಯಿಂದಾಗಿ ತರಗತಿ ತಪ್ಪಿಸುವುದು, ತಪ್ಪಿಸಿದ್ದರಿಂದ ಮತ್ತೆ ಫೇಲಾಗುವುದು, ಹೀಗೆ ಸುತ್ತುವ ಚಕ್ರವನ್ನು ಅದು ಹಾಳೆಯ ಮೇಲೆ ಬರೆದು ತೋರಿಸುತ್ತದೆ. ಕುಟುಂಬವನ್ನು ಒಂದು ವ್ಯವಸ್ಥೆಯಾಗಿ ನೋಡುವ ಪದ್ಧತಿಯಾದರೆ ಹುಡುಗನನ್ನು ಮಾತ್ರ ನೋಡದೆ, ಸಾಲ, ಹೊಲ, ತಂಗಿಯ ಮದುವೆ ಎಲ್ಲವನ್ನೂ ಒಟ್ಟಿಗೆ ಕಾಣುತ್ತದೆ.

ಇವುಗಳಲ್ಲಿ ಯಾವುದು ಸರಿ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನನ್ನ ಉತ್ತರವೆಂದರೆ, ಸಿದ್ಧಾಂತವು ಏನನ್ನು ಕೇಳಿಸಿಕೊಳ್ಳಬೇಕೆಂದು ಕಿವಿಯನ್ನು ಸಜ್ಜುಗೊಳಿಸುತ್ತದೆ. ಸಿದ್ಧಾಂತ ಗೊತ್ತಿಲ್ಲದವರಿಗೆ ಹುಡುಗ ಹೇಳಿದ್ದೆಲ್ಲವೂ ಒಂದೇ ತೂಕದ ಮಾಹಿತಿಯಾಗಿ ಕೇಳಿಸಿ, ಕೊನೆಗೆ ಯಾವ ಎಳೆಯನ್ನು ಹಿಡಿಯಬೇಕೆಂದು ತೋಚುವುದಿಲ್ಲ. ಬೇರೆ ಬೇರೆ ಚಿಕಿತ್ಸೆಗಳು ಒಂದೇ ಬಗೆಯ ಫಲ ಕೊಡುವುದಕ್ಕೆ ಅವುಗಳಲ್ಲಿರುವ ಸಮಾನ ಅಂಶಗಳೇ ಕಾರಣವಾಗಿರಬಹುದೆಂದು ಸಾಲ್ ರೋಸೆನ್‌ಜ್ವೈಗ್ ಎಂಬ ಮನೋವಿಜ್ಞಾನಿ 1936ರಷ್ಟು ಹಿಂದೆಯೇ ಬರೆದಿದ್ದರು. ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಆ ಸಮಾನ ಅಂಶಕ್ಕೆ ಇನ್ನಷ್ಟು ಖಚಿತವಾದ ರೂಪ ಕೊಟ್ಟರು. ಏನನ್ನು ಸಾಧಿಸಬೇಕು ಎಂಬ ಗುರಿಯಲ್ಲಿ ಒಪ್ಪಂದ, ಅದಕ್ಕಾಗಿ ಮಾಡಬೇಕಾದ ಕೆಲಸದಲ್ಲಿ ಒಪ್ಪಂದ, ಇಬ್ಬರ ನಡುವಿನ ನಂಬಿಕೆಯ ಬಂಧ, ಈ ಮೂರೂ ಸೇರಿದಾಗ ಕೆಲಸ ನಡೆಯುತ್ತದೆ ಎಂಬುದು ಅವರ ವಿವರಣೆ. ಈ ಬಂಧವು ಪುಸ್ತಕ ಓದಿದ ಮಾತ್ರಕ್ಕೆ ಬರುವಂಥದ್ದಲ್ಲವಾದ್ದರಿಂದ ಕೌಶಲದ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ.

ಮಾತುಕತೆಯ ಕೌಶಲವನ್ನು ಕಲಿಸಬಹುದು ಎಂಬುದೇ ಒಂದು ಕಾಲಕ್ಕೆ ಸಂದೇಹದ ವಿಷಯವಾಗಿತ್ತು. ಸಮಾಲೋಚನೆಯ ಕೋಣೆಯೊಳಗೆ ನಡೆದದ್ದು ಅಲ್ಲಿದ್ದ ಇಬ್ಬರಿಗೆ ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ, ಸಮಾಲೋಚಕರು ಆಮೇಲೆ ನೆನಪಿನಿಂದ ಬರೆದಿಟ್ಟದ್ದೇ ದಾಖಲೆ. ರೋಜರ್ಸ್ ಅವರು ಧ್ವನಿಮುದ್ರಣದ ಯಂತ್ರವನ್ನು ಕೋಣೆಯೊಳಗೆ ತಂದು, ಒಬ್ಬ ವ್ಯಕ್ತಿಯೊಡನೆ ನಡೆದ ಎಂಟು ಭೇಟಿಗಳ ಮಾತುಕತೆಯನ್ನು ಅಕ್ಷರಶಃ ಇಳಿಸಿ 1942ರ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದಾಗ, ಸಮಾಲೋಚಕ ನಿಜವಾಗಿ ಏನು ಹೇಳಿದ, ಅದಾದ ಮೇಲೆ ಎದುರಿನವರ ಮಾತು ತೆರೆದುಕೊಂಡಿತೋ ಮುಚ್ಚಿಕೊಂಡಿತೋ ಎಂಬುದನ್ನು ಸಾಲುಸಾಲಾಗಿ ಪರಿಶೀಲಿಸುವುದು ಸಾಧ್ಯವಾಯಿತು. 1960ರ ದಶಕದಲ್ಲಿ ಅಲೆನ್ ಐವಿ ಮತ್ತು ಅವರ ಸಂಗಡಿಗರು ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಡಿಯೊ ಬಳಸಿ ಇಡೀ ಮಾತುಕತೆಯನ್ನು ಸಣ್ಣಸಣ್ಣ ಕೌಶಲಗಳಾಗಿ ಬಿಡಿಸಿದರು: ಗಮನವಿಟ್ಟು ಕೂರುವುದು, ಉತ್ತರಕ್ಕೆ ಎಡೆಬಿಡುವ ಪ್ರಶ್ನೆ ಕೇಳುವುದು, ಹೇಳಿದ್ದನ್ನು ಬೇರೆ ಮಾತಿನಲ್ಲಿ ಮರಳಿ ಹೇಳುವುದು, ಮಾತಿನ ಅಡಿಯಲ್ಲಿರುವ ಭಾವವನ್ನು ಹೆಸರಿಸುವುದು, ನಡುನಡುವೆ ಸಾರಾಂಶ ಹೇಳುವುದು, ಒಂದಕ್ಕೊಂದು ಹೊಂದದ ಮಾತುಗಳನ್ನು ಮೆಲ್ಲಗೆ ಎದುರಿಗಿಡುವುದು. ವೀಣೆ ಕಲಿಯುವವರು ಕೃತಿಗೆ ಮೊದಲು ಸರಳೆ, ಜಂಟಿ ವರಸೆಗಳನ್ನು ಸಾಧಿಸುವ ಹಾಗೆ, ಒಂದೊಂದನ್ನೇ ಬೇರೆಯಾಗಿ ಅಭ್ಯಾಸ ಮಾಡಿ ಆಮೇಲೆ ಕೂಡಿಸುವುದು ಇದರ ಕ್ರಮ.

ನಮ್ಮ ಪ್ರಯೋಗಶಾಲೆಯಲ್ಲಿ ಮೂವರ ಗುಂಪು ಮಾಡುತ್ತೇವೆ. ಒಬ್ಬರು ಸಮಾಲೋಚಕ, ಒಬ್ಬರು ಕ್ಲೈಂಟ್ ಅಂದರೆ ನೆರವು ಕೇಳಿ ಬಂದವರು, ಇನ್ನೊಬ್ಬರು ಸುಮ್ಮನೆ ಕುಳಿತು ಗಮನಿಸುವವರು. ಹಾವೇರಿಯ ಹುಡುಗನ ಪಾತ್ರ ವಹಿಸಿದವನು ಹೀಗೆನ್ನುತ್ತಾನೆ: ‘ಊರಿಗೆ ಹೋಗಾಕ ಮನಸ್ಸಿಲ್ರಿ ಮೇಡಂ. ಅಪ್ಪನ ಮಾರಿ ನೋಡಾಕ ಆಗಂಗಿಲ್ಲ.’

ಮೊದಲ ವಾರ ಬರುವ ಪ್ರತಿಕ್ರಿಯೆಗಳು ಸಾಮಾನ್ಯವಾಗಿ ಮೂರು ಬಗೆಯವು. ‘ಯಾಕೆ, ಅಪ್ಪ ಬೈತಾರಾ?’ ಎಂಬುದು ಒಂದು. ಇಲ್ಲಿ ಕೇಳುವವಳು ತನ್ನ ಊಹೆಯನ್ನೇ ಪ್ರಶ್ನೆಯ ರೂಪದಲ್ಲಿ ಹುಡುಗನ ಮೇಲೆ ಹೇರಿದ್ದಾಳೆ. ‘ಹಾಗೆಲ್ಲ ಅಂದ್ಕೋಬೇಡಿ, ಅಪ್ಪ ಅಲ್ವಾ, ಅರ್ಥ ಮಾಡ್ಕೋತಾರೆ’ ಎಂಬುದು ಎರಡನೆಯದು. ಆ ಸಮಾಧಾನದ ಮಾತು ಹುಡುಗನ ಸಂಕಟಕ್ಕೆ ಬಾಗಿಲು ಮುಚ್ಚುತ್ತದೆ. ಮೂರನೆಯದು ‘ಎಷ್ಟು ಸಬ್ಜೆಕ್ಟ್ ಉಳಿದಿದೆ?’ ಎಂಬ ವಿಚಾರಣೆ. ಕೆಲವು ವಾರಗಳ ಅಭ್ಯಾಸದ ಮೇಲೆ ಯಾರೋ ಒಬ್ಬಳು, ‘ಅಪ್ಪನ ಎದುರಿಗೆ ನಿಲ್ಲೋದೇ ಕಷ್ಟ ಆಗ್ತಿದೆ ನಿಮಗೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಹತ್ತು ಕ್ಷಣ ಮೌನ. ಆ ಮೌನವನ್ನು ತಡೆದುಕೊಳ್ಳುವುದೂ ಒಂದು ಕೌಶಲವೇ. ಆಮೇಲೆ ಹುಡುಗ ಬಾಯಿ ಬಿಡುತ್ತಾನೆ: ‘ಹೂಂರಿ… ಹೊಲ ಒತ್ತಿ ಇಟ್ಟಾರ್ರಿ, ನನ್ನ ಸಲುವಾಗಿ.’ ಇದು ಬರೀ ನಟನೆ ಎಂದು ಗೊತ್ತಿದ್ದರೂ ಆ ಗಳಿಗೆಯಲ್ಲಿ ತರಗತಿ ನಿಶ್ಶಬ್ದವಾಗುತ್ತದೆ. ಪ್ರಶ್ನೆ ಕೇಳಿ ಪಡೆಯಲಾಗದ ಮಾತು ಹಾಗೆ ತಾನಾಗಿ ಬಂದದ್ದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.

ಕೇಳದೆ ಬಿಡಬಾರದ ಪ್ರಶ್ನೆಯೂ ಒಂದಿದೆ. ಇಂಥ ಹುಡುಗನನ್ನು ‘ಸಾಯಬೇಕು ಅಂತ ಯೋಚನೆ ಬಂದಿದೆಯಾ?’ ಎಂದು ನೇರವಾಗಿ, ಅಂಜಿಕೆಯಿಲ್ಲದ ದನಿಯಲ್ಲಿ ಕೇಳಲು ಕಲಿಸುತ್ತೇವೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹಲವರಲ್ಲಿದೆ. ಅದು ತಪ್ಪು ತಿಳಿವಳಿಕೆ, ಕೇಳಿಸಿಕೊಂಡವರಿಗೆ ಸಾಮಾನ್ಯವಾಗಿ ಎದೆಯ ಭಾರ ಇಳಿಯುತ್ತದೆ. ಉತ್ತರ ಹೌದೆಂದಾದರೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು, ಅಂದೇ ಮನೋವೈದ್ಯರ ಬಳಿಗೆ ಕಳಿಸುವುದು ಹೇಗೆ ಎಂಬುದನ್ನೂ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದು ಕೈಗೆ ಕೊಡುವುದನ್ನೂ ಬಾಯಿಪಾಠವಾಗುವವರೆಗೆ ಅಭ್ಯಾಸ ಮಾಡಿಸುತ್ತೇವೆ. ಈ ಪಾಠವನ್ನು ಪರೀಕ್ಷೆಗೆ ಇಷ್ಟು ಅಂಕ ಎಂದು ಅಳೆಯುವುದು ನನಗೆ ಇಂದಿಗೂ ಹಿಡಿಸುವುದಿಲ್ಲ.

ಇನ್ನು ನನಗೆ ಅತ್ಯಂತ ಮುಖ್ಯವೆನ್ನಿಸುವ, ಆದರೆ ಪಠ್ಯಪುಸ್ತಕಗಳಲ್ಲಿ ಹೆಚ್ಚು ಕಾಣದ ಸಂಗತಿಗೆ ಬರುತ್ತೇನೆ. ನಮ್ಮಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ, ಆದರೆ ತಾಲ್ಲೂಕು ಆಸ್ಪತ್ರೆಗೋ ಕುಟುಂಬ ಸಲಹಾ ಕೇಂದ್ರಕ್ಕೋ ಸರ್ಕಾರಿ ಕಾಲೇಜಿಗೋ ತರಬೇತಿಗೆ ಹೋದ ದಿನ ಎದುರಿಗೆ ಬಂದು ಕೂರುವವರ ದುಃಖ ಇರುವುದು ಕನ್ನಡದಲ್ಲಿ, ಅದೂ ಅವರವರ ಸೀಮೆಯ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಭಾವವನ್ನು ಕೇಳುವ ಪ್ರಶ್ನೆ ಬೇರೆ, ಯೋಚನೆಯನ್ನು ಕೇಳುವ ಪ್ರಶ್ನೆ ಬೇರೆ. ಕನ್ನಡದಲ್ಲಿ ‘ನಿಮಗೆ ಏನನ್ನಿಸುತ್ತೆ?’ ಎಂದು ಕೇಳಿದರೆ ಅದು ಎರಡನ್ನೂ ಕೇಳಿದಂತೆ. ಉತ್ತರವಾಗಿ ‘ಎಲ್ಲಾ ಮುಗೀತು ಅನ್ನಿಸುತ್ತೆ’ ಎಂದರೆ ಅದು ಯೋಚನೆಯೋ ಭಾವವೋ ಎಂದು ಆ ಕ್ರಿಯಾಪದ ಹೇಳಿಕೊಡುವುದಿಲ್ಲ. ಬೆಕ್ ಅವರ ಪದ್ಧತಿಯ ತಳಹದಿಯೇ ಯೋಚನೆಯನ್ನೂ ಭಾವವನ್ನೂ ಬೇರ್ಪಡಿಸಿ ನೋಡುವುದರಿಂದ, ‘ಆಗ ತಲೇಲಿ ಏನು ಓಡ್ತಿತ್ತು?’ ಎಂದೊಮ್ಮೆ, ‘ಆಗ ಮನಸ್ಸಿಗೆ ಏನಾಯ್ತು, ಮೈಯಲ್ಲಿ ಏನಾಯ್ತು?’ ಎಂದು ಇನ್ನೊಮ್ಮೆ ಕೇಳುವ ದಾರಿಯನ್ನು ಕನ್ನಡದ ಸಮಾಲೋಚಕರು ಕಂಡುಕೊಳ್ಳಬೇಕಾಗುತ್ತದೆ.

ಮೈಯ ಮಾತನ್ನು ತೆಗೆದದ್ದು ಸುಮ್ಮನೆ ಅಲ್ಲ. ನಮ್ಮ ಜನ ಸಂಕಟವನ್ನು ದೇಹದ ಮೂಲಕ ಹೇಳುತ್ತಾರೆ: ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೋತುಹೋಗುವುದು, ತಲೆ ಕೆಟ್ಟು ಕೆರ ಹಿಡಿಯುವುದು. ಇವನ್ನು ರೋಗಲಕ್ಷಣಗಳ ಪಟ್ಟಿಗೆ ಮಾತ್ರ ಸೇರಿಸಿದರೆ ಭಾವ ಕೈತಪ್ಪುತ್ತದೆ, ಭಾವವೆಂದಷ್ಟೇ ಹಿಡಿದರೆ ವೈದ್ಯರು ನೋಡಲೇಬೇಕಾದ ಕಾಯಿಲೆ ಕಣ್ತಪ್ಪಬಹುದು. ಇನ್ನೊಂದು ಸೂಕ್ಷ್ಮವೂ ಇದೆ. ಕನ್ನಡದಲ್ಲಿ ನಾವು ‘ನನಗೆ ಸಿಟ್ಟು ಬಂತು’, ‘ನನಗೆ ಬೇಜಾರಾಯ್ತು’ ಎನ್ನುತ್ತೇವೆ. ಭಾವ ಎಲ್ಲಿಂದಲೋ ಬಂದು ನಮಗೆ ಆಗುವಂಥದ್ದು. ಇಂಗ್ಲಿಷ್ ಪುಸ್ತಕ ಓದಿದ ವಿದ್ಯಾರ್ಥಿ, ಕ್ಲೈಂಟ್ ತನ್ನ ಭಾವದ ಹೊಣೆ ಹೊರುತ್ತಿಲ್ಲವೆಂದು ಇದನ್ನು ತಪ್ಪಾಗಿ ಓದುವ ಅಪಾಯವಿದೆ. ಅದು ನಮ್ಮ ವ್ಯಾಕರಣ, ಅವರ ಮನಸ್ಸಿನ ದೋಷವಲ್ಲ. ಹೀಗಾಗಿ ನನ್ನ ವಿದ್ಯಾರ್ಥಿಗಳು ತಮ್ಮ ಮನೆಯ, ಊರಿನ ಭಾವದ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಬೇಕು. ಕಸಿವಿಸಿ, ತಳಮಳ, ಮುಜುಗರ, ಹೊಟ್ಟೆಯುರಿ, ಕಳವಳ, ಇವುಗಳ ನಡುವಿನ ಅಂತರ ಬಲ್ಲವರಿಗೆ ಭಾವವನ್ನು ಸರಿಯಾಗಿ ಹೆಸರಿಸುವುದು ಸಾಧ್ಯ. ‘ಬೇಜಾರು’ ಒಂದರಿಂದಲೇ ಇಡೀ ಸೆಷನ್ ನಡೆಸಿದರೆ ಎದುರಿನವರಿಗೆ ತಮ್ಮನ್ನು ಅರ್ಥ ಮಾಡಿಕೊಂಡರೆಂಬ ಭಾವನೆ ಬರುವುದಿಲ್ಲ.

ಸಮಾಲೋಚಕರಿಂದ ನಮ್ಮವರು ನಿರೀಕ್ಷಿಸುವ ಸಂಬಂಧವೂ ಬೇರೆಯೇ. ಭಾರತದ ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲಿ ಬರೆದ ಲೇಖನವೊಂದರಲ್ಲಿ, ಇಲ್ಲಿನ ಚಿಕಿತ್ಸೆಗೆ ಗುರು–ಶಿಷ್ಯ ಸಂಬಂಧವೇ ಒಂದು ಮಾದರಿಯಾಗಬಹುದೆಂಬ ವಿಚಾರವನ್ನು ಮುಂದಿಟ್ಟರು. ಅದನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ, ಏಕೆಂದರೆ ಗುರುವಿನ ಪೀಠ ಒಮ್ಮೆ ಸಿಕ್ಕರೆ ಹಳೆಯ ಬುದ್ಧಿವಾದ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಆದರೆ ‘ನೀವೇ ಹೇಳಿ ಮೇಡಂ, ನಾನೇನು ಮಾಡ್ಲಿ?’ ಎಂದು ಕೇಳಿದ ಹೆಂಗಸಿಗೆ, ಪುಸ್ತಕದಲ್ಲಿದ್ದಂತೆ ಆಕೆಯ ಪ್ರಶ್ನೆಯನ್ನೇ ಮರಳಿಸಿದರೆ ಅದು ಆಕೆಗೆ ಅವಮಾನದಂತೆ ತೋರಬಹುದೆಂಬುದನ್ನು ಅವರ ಲೇಖನ ನನಗೆ ಮನವರಿಕೆ ಮಾಡಿಕೊಟ್ಟಿತು.

ಸಿದ್ಧಾಂತ ಮತ್ತು ಕೌಶಲಗಳ ಜೊತೆಗೆ ಮೂರನೆಯದೊಂದು ಕಲಿಕೆಯಿದೆ, ಅದು ತನ್ನ ಕುರಿತದ್ದು. ನಾನು ವಿದ್ಯಾರ್ಥಿನಿಯಾಗಿದ್ದಾಗ ತರಬೇತಿಗೆ ಹೋದ ಕಡೆ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಮಾತನಾಡುತ್ತಲೇ ಅಳತೊಡಗಿದರು. ನಾನು ತಟ್ಟನೆ ಎದ್ದು ಒಂದು ಲೋಟ ನೀರು ಕೊಟ್ಟೆ. ಅವರು ಕುಡಿದರು, ಕಣ್ಣು ಒರೆಸಿಕೊಂಡರು, ಆಮೇಲೆ ಮಗನ ಮಾತನ್ನೇ ಎತ್ತಲಿಲ್ಲ. ನಾನು ಒಳ್ಳೆಯ ಕೆಲಸ ಮಾಡಿದೆನೆಂದು ಬರೆದುಕೊಂಡು ಹೋಗಿದ್ದೆ. ತರಬೇತಿಯಲ್ಲಿ ನನ್ನ ಕೆಲಸವನ್ನು ನೋಡಿ ತಿದ್ದುತ್ತಿದ್ದ ಮೇಲ್ವಿಚಾರಕರು ಅದನ್ನು ಓದಿ, ‘ಆ ನೀರು ಯಾರಿಗೆ ಬೇಕಿತ್ತಮ್ಮ?’ ಎಂದು ಮೆಲ್ಲಗೆ ಕೇಳಿದರು. ಅದಕ್ಕೆ ಎರಡು ವರ್ಷ ಮೊದಲು ನಮ್ಮ ಮನೆಯಲ್ಲೇ ಒಂದು ಸಾವಾಗಿತ್ತು, ಆ ಅಳುವನ್ನು ನೋಡಲು ನನ್ನಿಂದ ಆಗಿರಲಿಲ್ಲ. ಆ ತಾಯಿಗೆ ಅಳುವ ಜಾಗ ಬೇಕಿತ್ತು, ನಾನು ಅದನ್ನು ನಿಲ್ಲಿಸಿದ್ದೆ.

ಮೇಲ್ವಿಚಾರಣೆಯಿಲ್ಲದ ತರಬೇತಿ ತರಬೇತಿಯಲ್ಲ ಎಂಬ ನನ್ನ ನಂಬಿಕೆ ಹುಟ್ಟಿದ್ದು ಅಲ್ಲಿಂದ. ವಿದ್ಯಾರ್ಥಿಗಳು ಕ್ಲೈಂಟ್ ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಹದಿನೈದು ನಿಮಿಷದ ಮಾತುಕತೆಯನ್ನು ಅಕ್ಷರಶಃ ಬರೆಯಬೇಕು: ಒಂದು ಅಂಕಣದಲ್ಲಿ ಅವರು ಹೇಳಿದ್ದು, ಇನ್ನೊಂದರಲ್ಲಿ ತಾನು ಹೇಳಿದ್ದು, ಮೂರನೆಯದರಲ್ಲಿ ಆ ಹೊತ್ತಿಗೆ ತನ್ನೊಳಗೆ ಆದದ್ದು. ಆ ಮೂರನೆಯ ಅಂಕಣದ ಹಿಂದೆ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ನಾರ್ಮನ್ ಕಾಗನ್ 1960ರ ದಶಕದಲ್ಲಿ ರೂಪಿಸಿದ ವಿಧಾನದ ನೆರಳಿದೆ. ಮುದ್ರಿಸಿದ್ದನ್ನು ಮತ್ತೆ ಹಾಕಿ, ಬೇಕಾದಲ್ಲಿ ನಿಲ್ಲಿಸಿ, ಆ ಕ್ಷಣ ಮನಸ್ಸಿನಲ್ಲಿ ಹಾದುಹೋದರೂ ಹೇಳದೆ ಬಿಟ್ಟದ್ದೇನು ಎಂದು ವಿದ್ಯಾರ್ಥಿಯೇ ನೆನಪಿಸಿಕೊಳ್ಳುವಂತೆ ಅವರು ಮಾಡುತ್ತಿದ್ದರು. ಹದಿನೈದು ನಿಮಿಷವನ್ನು ಹೀಗೆ ಬರೆಯಲು ಅರ್ಧ ದಿನ ಹಿಡಿಯುತ್ತದೆ, ಆದರೆ ಅದರಿಂದ ಕಲಿಯುವಷ್ಟನ್ನು ಯಾವ ಉಪನ್ಯಾಸದಿಂದಲೂ ಕಲಿಯಲಾಗುವುದಿಲ್ಲ.

ಕಾನೂನು ಮತ್ತು ನೀತಿಯ ಪಾಠವೂ ಕೋಣೆಯೊಳಗಿನದೇ. ಸೆಷನ್ ಮುಗಿಸಿ ಬಾಗಿಲು ತೆರೆದೊಡನೆ ತಾಯಿ ‘ಏನಂದ ಮೇಡಂ ನನ್ನ ಮಗ?’ ಎಂದು ಕೇಳುತ್ತಾರೆ. ನಮ್ಮಲ್ಲಿ ಕುಟುಂಬವೇ ಆಸರೆಯೂ ಹೌದು, ಹಲವು ಬಾರಿ ನೋವಿನ ಮೂಲವೂ ಹೌದು. ಹೀಗಾಗಿ ಏನನ್ನು ಯಾರಿಗೆ ಹೇಳಲಾಗುತ್ತದೆ, ಏನನ್ನು ಹೇಳಲಾಗುವುದಿಲ್ಲ ಎಂಬುದನ್ನು ಮೊದಲ ಭೇಟಿಯ ಮೊದಲ ಐದು ನಿಮಿಷದಲ್ಲೇ ಇಬ್ಬರಿಗೂ ತಿಳಿಸಿ ಹೇಳುವುದನ್ನು ಅಭ್ಯಾಸ ಮಾಡಿಸುತ್ತೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಗೋಪ್ಯತೆಯನ್ನು ಹಕ್ಕೆಂದು ಮಾನ್ಯ ಮಾಡುತ್ತದೆ, ಜೀವಕ್ಕೆ ಅಪಾಯವಿರುವಂಥ ಸಂದರ್ಭಗಳಿಗೆ ವಿನಾಯಿತಿಯನ್ನೂ ಕೊಡುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಗೋಪ್ಯತೆಯ ನೆಪ ಅಲ್ಲಿ ನಡೆಯುವುದಿಲ್ಲ.

ಕೋರ್ಸ್ ಆರಿಸುವವರಿಗೂ ಒಂದೆರಡು ಸಂಗತಿಗಳನ್ನು ಹೇಳಬೇಕು. ಮನೋವಿಜ್ಞಾನದ ಅಧ್ಯಯನಕ್ಕೆ ನಮ್ಮಲ್ಲಿ ಹಳೆಯ ಬೇರಿದೆ. ಕಲ್ಕತ್ತದ ನಂತರ ದೇಶದ ಎರಡನೆಯ ಮನೋವಿಜ್ಞಾನ ವಿಭಾಗ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ. ವಿ. ಗೋಪಾಲಸ್ವಾಮಿ ಅವರಿಂದ ಆರಂಭವಾಯಿತು, ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ಪಡೆಯಿತು. ಆದರೆ ಚಿಕಿತ್ಸಾ ಮನೋವಿಜ್ಞಾನಿಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬಹಳ ಹಿಂದಿನಿಂದ ಇದ್ದರೂ, ಆಪ್ತ ಸಮಾಲೋಚಕರಿಗೆ ಅಂಥ ಏರ್ಪಾಡು ಇರಲಿಲ್ಲ, ವಾರಾಂತ್ಯದ ಶಿಬಿರ ಮುಗಿಸಿದವರೂ ಬೋರ್ಡು ಹಾಕಿಕೊಳ್ಳುವುದು ನಡೆಯುತ್ತಿತ್ತು. ಪೂರಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗಕ್ಕಾಗಿ 2021ರಲ್ಲಿ ಬಂದ ಕಾಯ್ದೆಯು ಮನೋವಿಜ್ಞಾನಿಗಳನ್ನೂ ಸಮಾಲೋಚಕರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅದರ ಮುಂದುವರಿಕೆಯಾಗಿ, 2025ರ ಜುಲೈ–ಆಗಸ್ಟ್ ಶೈಕ್ಷಣಿಕ ಅವಧಿಯಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸಬಾರದೆಂದು ಯುಜಿಸಿ ಸೂಚಿಸಿತು. ಕೆಲಸ ಮಾಡುತ್ತ ಓದಬೇಕೆಂದಿದ್ದ ಎಷ್ಟೋ ಜನರಿಗೆ, ಅದರಲ್ಲೂ ಮದುವೆಯಾದ ಹೆಣ್ಣುಮಕ್ಕಳಿಗೆ ಇದರಿಂದ ತೊಂದರೆಯಾಗಿದೆ. ಅದು ನನಗೆ ನೋವಿನ ವಿಷಯವೇ. ಆದರೂ ಮೂವರ ಗುಂಪು, ಧ್ವನಿಮುದ್ರಿತ ಮಾತುಕತೆ, ಮೇಲ್ವಿಚಾರಕರ ಕೋಣೆ ಇವುಗಳನ್ನು ಅಂಚೆಯಲ್ಲಿ ಕಳಿಸಲು ಬಾರದು.

ಪ್ರವೇಶಕ್ಕೆ ಮೊದಲು ಅಲ್ಲಿಯೇ ಓದುತ್ತಿರುವ ಸೀನಿಯರ್‌ಗಳನ್ನು ಹುಡುಕಿ ಕೇಳಿ. ತರಬೇತಿಯ ಗಂಟೆಗಳು ಎಷ್ಟು, ಅದರಲ್ಲಿ ನಿಜವಾದ ಕ್ಲೈಂಟ್‌ಗಳೊಡನೆ ಕಳೆದದ್ದೆಷ್ಟು, ಕಡತ ಜೋಡಿಸಿ ಕಳೆದದ್ದೆಷ್ಟು, ಪ್ರತಿ ವಾರ ಮೇಲ್ವಿಚಾರಣೆ ಸಿಗುತ್ತದೆಯೇ, ಕನ್ನಡದಲ್ಲಿ ನಡೆದ ಸೆಷನ್ನನ್ನು ಕನ್ನಡದಲ್ಲೇ ಚರ್ಚಿಸಲು ಬಲ್ಲ ಮೇಲ್ವಿಚಾರಕರಿದ್ದಾರೆಯೇ ಎಂದು ವಿಚಾರಿಸಿ. ಅವರ ಮೊದಲ ಸೆಷನ್ನಿನ ಧ್ವನಿಮುದ್ರಣವನ್ನು ಮೇಷ್ಟ್ರೊಬ್ಬರು ಪಕ್ಕದಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳಿದ್ದಾರೆಯೇ ಎಂಬುದನ್ನಂತೂ ತಪ್ಪದೆ ಕೇಳಿ.